ಹೊಸ ರೂಟರ್ ತಗೊಳ್ಳೋ ಮುಂಚೆ ಫಿಬ್ ಒಳಗೆ ಏನ್ ತುಂಬಿದೆ ಅಂತ ನೋಡಿ

ಪ್ರಶ್ನೆ: ಸರ್ ನಮಸ್ಕಾರ. ಹಾಸನ ಕಡೆ ಒಂದು ಸಣ್ಣ ಐಎಸ್‌ಪಿಯಲ್ಲಿ ನೆಟ್‌ವರ್ಕ್ ನೋಡ್ಕೊಳ್ತೀನಿ, ಮೊದ್ಲು ಕೇಬಲ್ ಟಿವಿ ಇತ್ತು, ಈಗ ಫೈಬರ್ ಕೊಡ್ತಿದೀವಿ. ಬೆಂಗಳೂರಲ್ಲಿ ನಮ್ಮವು ಎರಡು ಎಡ್ಜ್ ರೂಟರ್, ಎರಡು ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡೋ ದೊಡ್ಡ ಕಂಪನಿಗಳು), ಜೊತೆಗೆ ನಿಕ್ಸಿಯಲ್ಲಿ (ಐಎಸ್‌ಪಿಗಳೆಲ್ಲ ನೇರವಾಗಿ ಟ್ರಾಫಿಕ್ ಬದಲಾಯಿಸ್ಕೊಳ್ಳೋ ಜಾಗ) ಪಿಯರಿಂಗ್. ಎರಡೂ ಅಪ್‌ಸ್ಟ್ರೀಮಿಂದ ಫುಲ್ ಟೇಬಲ್, ಅಂದ್ರೆ ಇಡೀ ಇಂಟರ್ನೆಟ್ಟಿನ ದಾರಿ ಪಟ್ಟಿ ತಗೋತಿದೀವಿ, ಐಪಿವಿ6 ಕೂಡ. ರೂಟರ್ ಹಳೇದು, ಡೇಟಾಶೀಟಲ್ಲಿ 10 ಲಕ್ಷ ಎಂಟ್ರಿ ಅಂತ ಇದೆ. ಹೋದ ತಿಂಗಳಿಂದ ಫಿಬ್ (ಪ್ಯಾಕೆಟ್ ಯಾವ ಕಡೆ ಕಳಿಸ್ಬೇಕು ಅಂತ ರೂಟರ್ ನೋಡೋ ಪಟ್ಟಿ) ತುಂಬಿದೆ ಅಂತ ಲಾಗ್ ಬರ್ತಿದೆ, ಕೆಲವು ಸೈಟ್ ಓಪನ್ ಆಗ್ತಿಲ್ಲ ಅಂತ ಕಸ್ಟಮರ್ಸ್ ಫೋನ್ ಮಾಡ್ತಿದಾರೆ. ಹೊಸ ರೂಟರ್ ರೇಟ್ ಕೇಳಿ ನಮ್ ಓನರ್ ಸುಮ್ನಾಗಿಬಿಟ್ರು. ಟೇಬಲ್ ಚಿಕ್ಕದು ಮಾಡೋ ದಾರಿ ಇದ್ಯಾ? ಫಿಬ್ ಅಗ್ರಿಗೇಷನ್ ಅಂತಾರಲ್ಲ, ಅದನ್ನ ನಂಬಬಹುದಾ?

ಉತ್ತರ: ನಮಸ್ಕಾರ. ದಾರಿ ಇದೆ, ಒಂದಲ್ಲ ಮೂರ್ನಾಲ್ಕಿದೆ, ಮತ್ತೆ ನಿಮ್ ಥರ ಎರಡೇ ಅಪ್‌ಸ್ಟ್ರೀಮ್ ಇರೋ ನೆಟ್‌ವರ್ಕಿಗೆ ಈಗಿರೋ ಪೆಟ್ಟಿಗೇಲೇ ಇನ್ನೂ ಕೆಲವು ವರ್ಷ ನಡೆಸಬಹುದು ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಆದ್ರೆ ಯಾವ ದಾರಿ ಹಿಡಿದ್ರೂ ಒಂದೇ ಒಂದು ಪ್ರಶ್ನೆ ಕೇಳ್ಕೋಬೇಕು: ಟೇಬಲ್ ಚಿಕ್ಕದಾದ ಮೇಲೆ ಪ್ಯಾಕೆಟ್‌ಗೆ ಸಿಗೋ ಉತ್ತರ ಬದಲಾಯ್ತಾ ಇಲ್ವಾ? ಉತ್ತರ ಬದಲಾಗದ ಹಾಗೆ ಚಿಕ್ಕದು ಮಾಡೋದು ಒಂದು ಜಾತಿ, ಬದಲಾದ್ರೂ ಪರವಾಗಿಲ್ಲ ಅಂತ ಗೊತ್ತಿದ್ದೇ ಚಿಕ್ಕದು ಮಾಡೋದು ಇನ್ನೊಂದು ಜಾತಿ. ಇವೆರಡನ್ನ ಕಲಸಿಬಿಟ್ರೆ ಮಧ್ಯರಾತ್ರಿ ಫೋನ್ ಬರತ್ತೆ.

ಮೊದ್ಲು ರಿಬ್ ಬೇರೆ, ಫಿಬ್ ಬೇರೆ ಅನ್ನೋದನ್ನ ಗಟ್ಟಿ ಮಾಡ್ಕೊಳ್ಳಿ. ರಿಬ್ ಅಂದ್ರೆ ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳ್ಕೊಳ್ಳೋ ಭಾಷೆ) ಅಕ್ಕಪಕ್ಕದವರಿಂದ ಕೇಳಿಸ್ಕೊಂಡಿದ್ದನ್ನೆಲ್ಲ ಬರೆದಿಟ್ಕೊಳ್ಳೋ ದೊಡ್ಡ ಲೆಡ್ಜರ್, ಅದು ಮಾಮೂಲಿ ಮೆಮೊರೀಲಿ ಇರತ್ತೆ, ಜಾಗಕ್ಕೆ ಅಷ್ಟೇನೂ ಬರ ಇಲ್ಲ. ಫಿಬ್ ಅಂದ್ರೆ ಪ್ಯಾಕೆಟ್ ಬಂದ ಕ್ಷಣಕ್ಕೆ ನೋಡೋ ಪಟ್ಟಿ. ಆ ಕ್ಷಣ ಎಷ್ಟು ಸಣ್ಣದು ಅಂತ ಲೆಕ್ಕ ಹಾಕಿ: 10 ಗಿಗಾಬಿಟ್ ಪೋರ್ಟಲ್ಲಿ 64 ಬೈಟಿನ ಪ್ಯಾಕೆಟ್ಟೇ ತುಂಬಿ ಬಂದ್ರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಪ್ಯಾಕೆಟ್, ಅಂದ್ರೆ ಒಂದಕ್ಕೆ 67 ನ್ಯಾನೋಸೆಕೆಂಡ್, 100 ಗಿಗಾಬಿಟ್ ಆದ್ರೆ 6.7 ನ್ಯಾನೋಸೆಕೆಂಡ್. ಅಷ್ಟರಲ್ಲಿ ಲಕ್ಷಾಂತರ ಪ್ರಿಫಿಕ್ಸಲ್ಲಿ (ಪ್ರಿಫಿಕ್ಸ್ ಅಂದ್ರೆ ಒಂದೇ ಥರ ಶುರುವಾಗೋ ವಿಳಾಸಗಳ ಗುಂಪು) ಯಾವುದು ಅತೀ ಉದ್ದವಾಗಿ ಹೊಂದುತ್ತೋ ಅದನ್ನ ಹುಡುಕಬೇಕು. ಅದಕ್ಕೆ ನಿಮ್ ಥರದ ಪೆಟ್ಟಿಗೇಲಿ ಟಿ-ಕ್ಯಾಮ್ ಅನ್ನೋ ವಿಶೇಷ ಮೆಮೊರಿ ಹಾಕಿರ್ತಾರೆ. ಅದರಲ್ಲಿ ಒಂದೊಂದು ಬಿಟ್ಟೂ 0, 1, ಇಲ್ಲಾ ಏನಾದ್ರೂ ಇರ್ಲಿ ಅನ್ನೋ ಮೂರನೇ ಸ್ಥಿತೀಲಿ ಇರಬಹುದು, ವಿಳಾಸ ಕೊಟ್ರೆ ಎಲ್ಲಾ ಸಾಲೂ ಒಟ್ಟಿಗೇ ಹೋಲಿಸಿ ನೋಡತ್ತೆ. ಫಾಸ್ಟು ಹೌದು, ಆದ್ರೆ ಹುಡುಕೋವಾಗೆಲ್ಲ ಪೂರ್ತಿ ಪಟ್ಟಿ ಎದ್ದು ಕೂರೋದ್ರಿಂದ ಕರೆಂಟ್ ಜಾಸ್ತಿ, ಬಿಸಿ ಜಾಸ್ತಿ, ಬೆಲೆ ಜಾಸ್ತಿ. ರ‍್ಯಾಮ್ ಥರ ಆಮೇಲೆ ಇನ್ನೊಂದು ಸ್ಟಿಕ್ ಚುಚ್ಚಕ್ಕಾಗಲ್ಲ.

ಈಗ ನಿಮ್ ಲೆಕ್ಕ ನೋಡೋಣ. ಐಪಿವಿ4 ಫುಲ್ ಟೇಬಲ್ ಈಗ ಹೆಚ್ಚುಕಮ್ಮಿ 10 ಲಕ್ಷ. ಐಪಿವಿ6 2 ಲಕ್ಷ ದಾಟಿದೆ, ಅದರ ವಿಳಾಸ ಉದ್ದ ಇರೋದ್ರಿಂದ ಈ ತಲೆಮಾರಿನ ಟಿ-ಕ್ಯಾಮಲ್ಲಿ ಒಂದೊಂದು ಎಂಟ್ರಿ ಎರಡು ಸ್ಲಾಟ್ ತಿನ್ನತ್ತೆ. ಎರಡೂ ಕೂಡಿದ್ರೆ 14 ಲಕ್ಷ ಸ್ಲಾಟ್ ಬೇಕು, ಇರೋದು 10 ಲಕ್ಷದ ಆಸುಪಾಸು. ಅಂದ್ರೆ ನಿಮ್ಮಲ್ಲಿ ಏನೋ ಕೆಟ್ಟುಹೋಗಿದೆ ಅಂತಲ್ಲ, ಆ ಪೆಟ್ಟಿಗೇಲಿ ಎರಡೂ ಫುಲ್ ಟೇಬಲ್ ಕೂರಲ್ಲ, ಎಷ್ಟು ಸಲ ರೀಬೂಟ್ ಮಾಡಿದ್ರೂ ಕೂರಲ್ಲ.

ಇದು ನಿಮಗೊಬ್ರಿಗೇ ಬಂದಿದ್ದಲ್ಲ. 2014ರ ಆಗಸ್ಟ್ 12ಕ್ಕೆ ಪ್ರಪಂಚದಾದ್ಯಂತ ಇದೇ ಆಯ್ತು. ಸಿಸ್ಕೋ 6500, 7600 ಸೀರೀಸಲ್ಲಿ ಬಹಳ ಓಡ್ತಿದ್ದ ಸೂಪರ್‌ವೈಸರ್ 720-3ಬಿಎಕ್ಸ್‌ಎಲ್ ಕಾರ್ಡಲ್ಲಿ ಒಟ್ಟು 10,48,576 ಸ್ಲಾಟು, ಫ್ಯಾಕ್ಟರಿ ಸೆಟ್ಟಿಂಗಲ್ಲಿ ಅರ್ಧ ಅಂದ್ರೆ 5,24,288 ಐಪಿವಿ4ಕ್ಕೆ, ಉಳಿದಿದ್ದು ಐಪಿವಿ6ಕ್ಕೂ ಮಲ್ಟಿಕಾಸ್ಟ್‌ಗೂ. ಆ ದಿನ ವೆರೈಜನ್ ಕಡೆಯಿಂದ ಸುಮಾರು 15,000 ಸಣ್ಣ ಪ್ರಿಫಿಕ್ಸ್ ಸ್ವಲ್ಪ ಹೊತ್ತು ಹೊರಗೆ ಬಂದ್ವು, ಅಷ್ಟೊತ್ತಿಗಾಗ್ಲೇ ತುದೀಲಿ ನಿಂತಿದ್ದ ಟೇಬಲ್ ಗೆರೆ ದಾಟ್ತು, ಎಷ್ಟೋ ರೂಟರ್‌ಗಳ ಹಾರ್ಡ್‌ವೇರ್ ತುಂಬಿ ಮಿಕ್ಕಿದ್ದನ್ನ ಸಿಪಿಯು ಮೇಲೆ ಹಾಕಿದ್ವು, ಸಿಪಿಯು ಉಸಿರು ಕಟ್ಕೊಂಡು ಕೂತ್ಕೊಳ್ತು. ಆ ಕಾರ್ಡಿಗೆ ಮದ್ದು ಒಂದೇ ಸಾಲಿಂದು, ಜಾಗ ಹಂಚಿಕೆ ಬದಲಾಯಿಸೋ ಕಮಾಂಡ್ ಕೊಟ್ಟು ರೀಲೋಡ್ ಮಾಡೋದು. ಇದು ಬರತ್ತೆ ಅಂತ ಮೊದಲೇ ಎಲ್ರಿಗೂ ಗೊತ್ತಿತ್ತು, ಆದ್ರೂ ಆ ಒಂದು ಸಾಲು ಹಾಕದೇ ಉಳಿದಿದ್ದ ಪೆಟ್ಟಿಗೆಗಳು ಅಷ್ಟಿದ್ವು. ನಿಮ್ಮ ರೂಟರಲ್ಲೂ ಅಂಥ ಹಂಚಿಕೆ ಇದ್ಯಾ ಅಂತ ಮೊದ್ಲು ನೋಡಿ. ಮಲ್ಟಿಕಾಸ್ಟ್‌ಗೆ ಅಂತ ಸುಮ್ನೆ ಬಿಟ್ಟಿರೋ ಜಾಗ, ನೀವು ಬಳಸ್ದೇ ಇರೋ ಎಂಪಿಎಲ್‌ಎಸ್ ಜಾಗ, ಇವೆಲ್ಲ ಇರಬಹುದು.

ತುಂಬಿದಾಗ ಹೆಂಗಿರತ್ತೆ ಅಂತ ನಿಮಗೆ ಈಗಾಗ್ಲೇ ಗೊತ್ತಾಗಿದೆ, ಆದ್ರೂ ಹೇಳ್ತೀನಿ, ಯಾಕಂದ್ರೆ ಇದನ್ನ ಗುರುತು ಹಿಡಿಯೋದೇ ಕಷ್ಟ. ಕಸ್ಟಮರ್ ಹೇಳ್ತಾರೆ ವಾಟ್ಸಾಪ್ ಬರತ್ತೆ, ಯೂಟ್ಯೂಬ್ ಬರತ್ತೆ, ಬ್ಯಾಂಕ್ ಸೈಟ್ ಮಾತ್ರ ಬರಲ್ಲ. ನೀವು ರೂಟರಿಗೆ ಲಾಗಿನ್ ಆಗಿ ಅಲ್ಲಿಂದಲೇ ಪಿಂಗ್ ಮಾಡಿದ್ರೆ ಹೋಗತ್ತೆ, ಶೋ ಐಪಿ ರೂಟ್ ಹಾಕಿದ್ರೆ ರೂಟ್ ಇದೆ. ಎಲ್ಲಾ ಸರಿ ಕಾಣತ್ತೆ. ಯಾಕಂದ್ರೆ ನೀವು ನೋಡ್ತಿರೋದು ರಿಬ್, ನಿಮ್ಮ ಪಿಂಗ್ ಹೋಗ್ತಿರೋದು ಸಿಪಿಯು ಮೂಲಕ, ಕಸ್ಟಮರ್ ಪ್ಯಾಕೆಟ್ ಹೋಗ್ತಿರೋದು ಹಾರ್ಡ್‌ವೇರ್ ಫಿಬ್ ಮೂಲಕ, ಅಲ್ಲಿ ಆ ಪ್ರಿಫಿಕ್ಸ್ ಕೂತೇ ಇಲ್ಲ. ಹಾಗಾಗಿ ಯಾವ ಕಂಪ್ಲೇಂಟ್ ಬಂದ್ರೂ ಹಾರ್ಡ್‌ವೇರ್ ಕೆಪಾಸಿಟಿ ತೋರಿಸೋ ಕಮಾಂಡನ್ನೇ ಮೊದ್ಲು ಹಾಕಿ, ರೂಟ್ ಕೌಂಟ್ ಆಮೇಲೆ.

ಈಗ ಚಿಕ್ಕದು ಮಾಡೋ ವಿಷಯ. ಅಂಚೆ ಪಿನ್‌ಕೋಡ್ ನೆನಪು ಮಾಡ್ಕೊಳ್ಳಿ. 1972ರಲ್ಲಿ ಬಂದಿದ್ದು, ಆರು ಅಂಕಿ, ಎಡಗಡೆಯಿಂದ ಓದ್ತಾ ಹೋದ್ರೆ ಜಾಗ ಸಣ್ಣದಾಗ್ತಾ ಹೋಗತ್ತೆ. 56ರಿಂದ 59ರವರೆಗೆ ನಮ್ ಕರ್ನಾಟಕ. ದೆಹಲೀಲಿ ಕಾಗದ ವಿಂಗಡಿಸೋರಿಗೆ 573201 ಹಾಸನ, 577201 ಶಿವಮೊಗ್ಗ ಅಂತ ಬೇರೆ ಬೇರೆ ಗೊತ್ತಿರಬೇಕಾಗಿಲ್ಲ, 57 ಅಂತ ಶುರುವಾಗಿದ್ದೆಲ್ಲ ಬೆಂಗಳೂರು ಚೀಲಕ್ಕೆ ಅಂತ ಒಂದು ಸಾಲು ಸಾಕು. ಅಕಸ್ಮಾತ್ ಉಡುಪಿ ಕಡೆ 576ರದ್ದು ಮಾತ್ರ ಕೊಂಕಣ ರೈಲಲ್ಲಿ ಕಳಿಸ್ಬೇಕು ಅಂದ್ಕೊಳ್ಳಿ, ಅದಕ್ಕೆ ಇನ್ನೊಂದು ಸಾಲು, ಉದ್ದ ಹೊಂದಿದ್ದೇ ಗೆಲ್ಲತ್ತೆ ಅಂತ ಒಂದು ನಿಯಮ. ಎರಡು ಸಾಲಲ್ಲಿ ಸಾವಿರಾರು ಪಿನ್‌ಕೋಡಿನ ಕೆಲಸ ಮುಗೀತು. 1993ರಲ್ಲಿ ಸೈಡರ್ ಬಂದಾಗ ಇಂಟರ್ನೆಟ್ಟಿಗೆ ಮಾಡಿದ್ದೂ ಇದೇ, ಎ ಬಿ ಸಿ ಅಂತ ಮೂರು ಸೈಜಿನ ಕ್ಲಾಸ್ ಕಿತ್ತುಹಾಕಿ ಯಾವ ಬಿಟ್ಟಲ್ಲಿ ಬೇಕಾದ್ರೂ ಕತ್ತರಿಸಿ ಒಟ್ಟುಗೂಡಿಸಬಹುದು ಅಂತ ಮಾಡಿದ್ರು. ಅದು ಬರದೇ ಇದ್ದಿದ್ರೆ ಟೇಬಲ್ ಆಗಲೇ ಕೈಮೀರಿ ಹೋಗಿರೋದು.

ಆದ್ರೆ ಅದು ಅನೌನ್ಸ್ ಮಾಡೋರ ಕೈಲಿರೋ ಒಟ್ಟುಗೂಡಿಕೆ. ನೀವು ಕೇಳಿರೋ ಫಿಬ್ ಅಗ್ರಿಗೇಷನ್ ಬೇರೆ, ಅದು ನಿಮ್ ರೂಟರ್ ಒಳಗಷ್ಟೇ ನಡೆಯೋದು, ಯಾರನ್ನೂ ಕೇಳ್ಬೇಕಾಗಿಲ್ಲ, ಯಾರಿಗೂ ಗೊತ್ತೂ ಆಗಲ್ಲ. ಯೋಚನೆ ಇಷ್ಟೇ: ಪ್ರಪಂಚದಲ್ಲಿ 10 ಲಕ್ಷ ಪ್ರಿಫಿಕ್ಸ್ ಇರ್ಬಹುದು, ಆದ್ರೆ ನಿಮ್ ರೂಟರಿಂದ ಹೊರಗೆ ಹೋಗೋ ಬಾಗ್ಲು ಎಷ್ಟು? ಅಪ್‌ಸ್ಟ್ರೀಮ್ ಎ, ಅಪ್‌ಸ್ಟ್ರೀಮ್ ಬಿ, ನಿಕ್ಸಿ ಕಡೆ ಒಂದಷ್ಟು. 10 ಲಕ್ಷ ಸಾಲು ಸೇರ್ಕೊಂಡು ಹೇಳ್ತಿರೋದು ಆ ನಾಲ್ಕೈದು ಹೆಸರನ್ನೇ. ಅಕ್ಕಪಕ್ಕದ ಸಾಲು ಒಂದೇ ಮಾತು ಹೇಳ್ತಿದ್ರೆ ಎರಡು ಸಾಲು ಯಾಕೆ ಬೇಕು?

ಕೈಯಲ್ಲೇ ಮಾಡಿ ನೋಡೋಣ, ಒಂದು ಹಾಳೆ ತಗೊಳ್ಳಿ. ನಾಲ್ಕು ಪ್ರಿಫಿಕ್ಸ್ (/ ಆದ್ಮೇಲಿನ ಅಂಕಿ ಅಂದ್ರೆ ಎಡಗಡೆಯಿಂದ ಎಷ್ಟು ಬಿಟ್ ಹೊಂದ್ಬೇಕು ಅಂತ, ಅಂಕಿ ಚಿಕ್ಕದಾದಷ್ಟೂ ಗುಂಪು ದೊಡ್ಡದು): 10.20.0.0/24 ಎ ಕಡೆ, 10.20.1.0/24 ಎ ಕಡೆ, 10.20.2.0/24 ಬಿ ಕಡೆ, 10.20.3.0/24 ಎ ಕಡೆ. ಸುಮ್ನೆ ಅಣ್ಣತಮ್ಮಂದಿರನ್ನ ಕೂಡಿಸ್ತಾ ಹೋದ್ರೆ ಮೊದಲೆರಡು ಸೇರಿ 10.20.0.0/23 ಎ ಆಗತ್ತೆ, ಉಳಿದೆರಡು ಬೇರೆ ಬೇರೆ ಮಾತು ಹೇಳೋದ್ರಿಂದ ಹಾಗೇ ಉಳೀತವೆ, ಒಟ್ಟು ಮೂರು. ಇದಕ್ಕಿಂತ ಚೆನ್ನಾಗಿ ಮಾಡಬಹುದು. 1999ರಲ್ಲಿ ಮೈಕ್ರೋಸಾಫ್ಟ್ ರಿಸರ್ಚಿನ ಡ್ರೇವ್ಸ್, ವೆಂಕಟಾಚಾರಿ ಮತ್ತೆ ಅವರ ಜೊತೆಯವರು ಓಆರ್‌ಟಿಸಿ ಅಂತ ಒಂದು ವಿಧಾನ ಕೊಟ್ರು, ನನಗೆ ಇವತ್ತಿಗೂ ಅದನ್ನ ಓದಿದ್ರೆ ಖುಷಿ ಆಗತ್ತೆ, ಅಷ್ಟು ಸರಳ. ಪ್ರಿಫಿಕ್ಸ್‌ಗಳನ್ನ ಮರದ ಥರ ಬರ್ಕೊಂಡು ಎಲೆಯಿಂದ ಬೇರಿನ ಕಡೆ ಬನ್ನಿ. ಎರಡು ಮಕ್ಕಳ ಪಟ್ಟೀಲಿ ಸಮಾನವಾಗಿರೋದು ಏನಾದ್ರೂ ಇದ್ರೆ ಅದನ್ನ ಮಾತ್ರ ತಂದೆಗೆ ಕೊಡಿ, ಏನೂ ಸಮಾನ ಇಲ್ದಿದ್ರೆ ಎರಡನ್ನೂ ಕೂಡಿಸಿ ಕೊಡಿ. ಇಲ್ಲಿ ಎಡಗಡೆ /23ಕ್ಕೆ ಎ ಮಾತ್ರ. ಬಲಗಡೆ /23ರ ಮಕ್ಕಳು ಬಿ ಮತ್ತೆ ಎ, ಸಮಾನ ಇಲ್ಲ, ಹಾಗಾಗಿ ಅದಕ್ಕೆ ಎ ಅಥವಾ ಬಿ ಎರಡೂ. ಇನ್ನೂ ಮೇಲೆ /22ಕ್ಕೆ ಬಂದ್ರೆ ಎಡಗಡೆ ಎ, ಬಲಗಡೆ ಎ ಅಥವಾ ಬಿ, ಸಮಾನವಾಗಿರೋದು ಎ. ಈಗ ಬೇರಿಂದ ಕೆಳಗಿಳೀರಿ: /22ಕ್ಕೆ ಎ ಅಂತ ಬರೀರಿ, ಕೆಳಗಿರೋರ ಪಟ್ಟೀಲಿ ಎ ಇದ್ರೆ ಏನೂ ಬರೀಬೇಡಿ, ಇಲ್ದೇ ಇದ್ರೆ ಮಾತ್ರ ಬರೀರಿ. ಎ ಇಲ್ಲದಿರೋನು ಒಬ್ನೇ, 10.20.2.0/24, ಅದಕ್ಕೆ ಬಿ. ಮುಗೀತು, ನಾಲ್ಕಿದ್ದಿದ್ದು ಎರಡಾಯ್ತು, ಯಾವ ವಿಳಾಸ ಕೊಟ್ಟು ನೋಡಿದ್ರೂ ಮೊದಲಿನ ಉತ್ತರಾನೇ ಬರತ್ತೆ. ಇದಕ್ಕಿಂತ ಕಮ್ಮಿ ಸಾಲಲ್ಲಿ ಅದೇ ಉತ್ತರ ಕೊಡಕ್ಕೆ ಸಾಧ್ಯನೇ ಇಲ್ಲ ಅಂತ ಅವರು ಪ್ರೂವ್ ಕೂಡ ಮಾಡಿದಾರೆ. ಆಗಿನ ಬೆನ್ನೆಲುಬು ರೂಟರ್‌ಗಳ ಟೇಬಲ್ ಮೇಲೆ ಸುಮಾರು 40% ಉಳಿತಾಯ ಸಿಕ್ಕಿತ್ತು.

ಇಲ್ಲಿ ಗಮನಿಸಬೇಕಾಗಿದ್ದು, ಬಾಗ್ಲು ಕಮ್ಮಿ ಇದ್ದಷ್ಟೂ, ಮತ್ತೆ ಒಂದೇ ಬಾಗ್ಲಿಗೆ ಹೆಚ್ಚು ಪ್ರಿಫಿಕ್ಸ್ ಹೋದಷ್ಟೂ ಟೇಬಲ್ ಚೆನ್ನಾಗಿ ಕುಗ್ಗತ್ತೆ. ನೂರಾರು ಪಿಯರ್ ಇರೋ ದೊಡ್ಡ ಕಂಪನಿಗಿಂತ ನಿಮಗೇ ಇದು ಹೆಚ್ಚು ಲಾಭ. ಬುಡಾಪೆಸ್ಟಿನ ರೇಟ್ವಾರಿ ಅವರ ತಂಡ 2013ರಲ್ಲಿ ಇದನ್ನ ಎಂಟ್ರೊಪಿ (ಮಾಹಿತಿನ ಎಷ್ಟು ಸಣ್ಣದಾಗಿ ಹಿಡಿಸಬಹುದು ಅನ್ನೋ) ಲೆಕ್ಕದಲ್ಲಿ ಇಟ್ಟು, ಆಗಿನ ಪೂರ್ತಿ ಟೇಬಲನ್ನ 100ರಿಂದ 400 ಕಿಲೋಬೈಟಲ್ಲಿ ಕೂರಿಸಬಹುದು ಅಂತ ತೋರಿಸ್ತು. ಅದು ಸಾಲು ಕಮ್ಮಿ ಮಾಡೋ ದಾರಿ ಅಲ್ಲ, ಮರವನ್ನೇ ಮೆಮೊರೀಲಿ ಮಡಚಿಡೋ ದಾರಿ. ಆ ಸಾಲಲ್ಲಿ ಇನ್ನೂ ಹಳೇದಿದೆ, 1997ರಲ್ಲಿ ಸ್ವೀಡನ್ನಿನ ಲೂಲಿಯೊದವರು 40,000 ರೂಟನ್ನ 160 ಕಿಲೋಬೈಟ್ ಒಳಗೆ ತುಂಬಿಸಿದ್ರು, ಪ್ರೊಸೆಸರಿನ ಕ್ಯಾಶಲ್ಲೇ ಕೂರ್ಲಿ ಅಂತ. ಲಿನಕ್ಸ್ ಕರ್ನಲ್ ಒಳಗಿರೋ ಫಿಬ್ ಟ್ರೈ ಕೂಡ ಇದೇ ಕುಟುಂಬದ್ದು. ನೀವು ಮುಂದೆ ಸರ್ವರ್ ಮೇಲೆ ಸಾಫ್ಟ್‌ವೇರ್ ರೂಟರ್ ಮಾಡೋ ಯೋಚನೆ ಇದ್ರೆ ಇದು ಉಪಯೋಗಕ್ಕೆ ಬರತ್ತೆ, ಟಿ-ಕ್ಯಾಮ್ ಪೆಟ್ಟಿಗೆಗೆ ಮಾತ್ರ ಸಾಲು ಕಮ್ಮಿ ಮಾಡೋದೊಂದೇ ದಾರಿ.

ಹಂಗಾದ್ರೆ ಎಲ್ರೂ ಓಆರ್‌ಟಿಸಿ ಯಾಕೆ ಹಾಕ್ಕೊಂಡಿಲ್ಲ? ಎರಡು ಕಾರಣ. ಒಂದು, ಬಿಜಿಪಿ ಒಂದು ನಿಮಿಷಾನೂ ಸುಮ್ನಿರಲ್ಲ, ಅಪ್‌ಡೇಟ್ ಬರ್ತಾನೇ ಇರತ್ತೆ, ಒಂದೊಂದು ಬದಲಾವಣೆಗೂ ಪೂರ್ತಿ ಲೆಕ್ಕ ಮತ್ತೆ ಮಾಡಕ್ಕಾಗಲ್ಲ. ಅದಕ್ಕೆ ಪರಿಹಾರ ಬಂದಿದೆ, 2011ರ ಸ್ಮಾಲ್ಟಾ ಅನ್ನೋ ವಿಧಾನದಲ್ಲಿ ಬಂದ ಬದಲಾವಣೆನ ಇದ್ದಲ್ಲೇ ಅಂಟಿಸ್ಕೊಂಡು ಹೋಗಿ ಆಗಾಗ ಮಾತ್ರ ಪೂರ್ತಿ ಲೆಕ್ಕ ಮಾಡ್ತಾರೆ. ಎರಡನೇದು ಇನ್ನೂ ಮುಖ್ಯ. ಒಂದು /16 ಎ ಕಡೆ ಇದೆ, ಅದರೊಳಗಿನ ಐವತ್ತು /24 ಕೂಡ ಎ ಕಡೆ, ಆ ಐವತ್ತನ್ನೂ ನೀವು ಫಿಬ್‌ನಿಂದ ತೆಗೆದಿದೀರ. ಈಗ /16 ಒಂದೇ ಬಿ ಕಡೆ ತಿರುಗ್ತು ಅಂದ್ಕೊಳ್ಳಿ, ಆ ಐವತ್ತೂ ಒಟ್ಟಿಗೇ ಎದ್ದು ವಾಪಸ್ ಬಂದು ಕೂರಬೇಕು. ಒಂದು ಬದಲಾವಣೆ ಹಾರ್ಡ್‌ವೇರಲ್ಲಿ ಐವತ್ತೊಂದಾಯ್ತು, ಮತ್ತೆ ಇಂಥದ್ದೆಲ್ಲ ಲಿಂಕ್ ಕಟ್ಟಾಗಿ ಗಲಾಟೆ ಇರೋ ಹೊತ್ತಲ್ಲೇ ಆಗೋದು. ಒಂದು ಅಪ್‌ಸ್ಟ್ರೀಮ್ ಪೂರ್ತಿ ಬಿದ್ರೆ ಭಯ ಇಲ್ಲ, ಎಲ್ಲಾ ಒಂದೇ ಬಾಗ್ಲಿಗೆ ಹೋಗೋದ್ರಿಂದ ಟೇಬಲ್ ಇನ್ನೂ ಕುಗ್ಗತ್ತೆ. ಅರ್ಧಂಬರ್ಧ ಬಿದ್ದಾಗಲೇ ಕಷ್ಟ. ಹಾಗಾಗಿ ಕುಗ್ಗಿಸಿದ ಮೇಲೆ 98% ತುಂಬಿದೆ, ಸದ್ಯ ಹಿಡೀತು ಅಂತ ಸಮಾಧಾನ ಪಟ್ಕೋಬೇಡಿ, ನಾನಂತೂ 70% ದಾಟಕ್ಕೆ ಬಿಡಲ್ಲ.

ಇನ್ನೊಂದು ಎಚ್ಚರ, ಖಾಲಿ ಜಾಗದ್ದು. ಮೇಲಿನ ಉದಾಹರಣೇಲಿ 10.20.3.0/24 ಟೇಬಲಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ. ಮೊದ್ಲು ಅಲ್ಲಿಗೆ ಬಂದ ಪ್ಯಾಕೆಟ್ ಡ್ರಾಪ್ ಆಗ್ತಿತ್ತು, /22 ಎ ಅಂತ ಬರೆದ್ಮೇಲೆ ಎ ಕಡೆ ಹೋಗತ್ತೆ. ಶುದ್ಧವಾಗಿ ಮಾಡೋರು ಡ್ರಾಪ್ ಅನ್ನೋದನ್ನೂ ಒಂದು ಬಾಗ್ಲು ಅಂತಲೇ ಲೆಕ್ಕ ಹಾಕ್ತಾರೆ, ಆಗ ಉತ್ತರ ಬದಲಾಗಲ್ಲ. ಇನ್ನಷ್ಟು ಜಾಗ ಉಳಿಸಕ್ಕೆ ಖಾಲಿ ಜಾಗದ ಮೇಲೂ ಹೊದಿಸೋ ವಿಧಾನಗಳಿವೆ, ಅವು ನಿಮಗೆ ಬೇಡ. ಇಲ್ಲದ ವಿಳಾಸಕ್ಕೆ ನೀವು ಅವರಿಗೆ ಕಳ್ಸಿ, ಅವರು ಡಿಫಾಲ್ಟಲ್ಲಿ (ಪಟ್ಟೀಲಿ ಇಲ್ಲದ್ದಕ್ಕೆಲ್ಲ ಇಟ್ಟಿರೋ ದಾರೀಲಿ) ನಿಮಗೆ ವಾಪಸ್ ಕಳ್ಸಿ ಪ್ಯಾಕೆಟ್ ಸುತ್ತೋ ಸಾಧ್ಯತೆ ಇದೆ. ಲೂಸ್ ಯುಆರ್‌ಪಿಎಫ್ ಹಾಕಿ ರೂಟ್ ಇಲ್ಲದ ಸೋರ್ಸ್ ವಿಳಾಸ ತಡೀತಿದ್ರೆ ಅದೂ ಕೆಲ್ಸ ಕೆಡತ್ತೆ, ಯಾಕಂದ್ರೆ ಈಗ ಎಲ್ಲದಕ್ಕೂ ರೂಟ್ ಇದೆ.

ನಿಮ್ ಪೆಟ್ಟಿಗೇಲಿ ಪೂರ್ತಿ ಓಆರ್‌ಟಿಸಿ ಇರೋದು ಅನುಮಾನ. ಆದ್ರೆ ಇತ್ತೀಚಿನ ಕೆಲವು ಸಾಫ್ಟ್‌ವೇರಲ್ಲಿ ಇದರ ಚಿಕ್ಕ ತಮ್ಮ ಇರ್ತಾನೆ: ಮೇಲಿರೋ ದೊಡ್ಡ ಪ್ರಿಫಿಕ್ಸಿಗೂ ಒಳಗಿನ ಸಣ್ಣದಕ್ಕೂ ನೆಕ್ಸ್ಟ್ ಹಾಪ್ (ಹೊರಗೆ ಹೋಗೋ ಬಾಗ್ಲು) ಒಂದೇ ಇದ್ರೆ ಸಣ್ಣದನ್ನ ಹಾರ್ಡ್‌ವೇರಿಗೆ ಇಳಿಸಲ್ಲ, ಅಷ್ಟೇ. ಇರೋ ಟೇಬಲಲ್ಲಿ ಅರ್ಧಕ್ಕಿಂತ ಹೆಚ್ಚು /24ಗಳೇ, ಅದರಲ್ಲಿ ಎಷ್ಟೋ ಮೇಲಿನ ದೊಡ್ಡದರ ಜೊತೆ ಒಂದೇ ದಾರೀಲಿ ಹೋಗ್ತವೆ, ಅದಕ್ಕೆ ಈ ಚಿಕ್ಕ ಉಪಾಯಾನೇ ಬಹಳ ಜಾಗ ಬಿಡಿಸಿಕೊಡತ್ತೆ. ನಿಮ್ ವರ್ಷನ್ನಲ್ಲಿ ಇದ್ರೆ ಕಣ್ಣುಮುಚ್ಚಿ ಆನ್ ಮಾಡಿ, ಇದು ಉತ್ತರ ಬದಲಾಯಿಸದ ಜಾತೀದು.

ಇಲ್ದಿದ್ರೆ ಎರಡನೇ ಜಾತಿಗೆ ಬರ್ಬೇಕು, ಡಿಫಾಲ್ಟ್ ರೂಟ್ ಪ್ಲಸ್ ಬೇಕಾದಷ್ಟು. ಸಣ್ಣ ಐಎಸ್‌ಪಿಗಳಲ್ಲಿ ಫುಲ್ ಟೇಬಲ್ ತಗೊಳ್ಳೋದು ಒಂದು ಮರ್ಯಾದೆ ವಿಷಯ ಆಗಿಬಿಟ್ಟಿದೆ, ಅದು ನನಗೆ ಬೇಜಾರಿನ ಸಂಗತಿ. ನಿಮ್ ಟ್ರಾಫಿಕ್ಕಲ್ಲಿ ಬಹುಪಾಲು ಎಲ್ಲಿಗೆ ಹೋಗತ್ತೆ ಅಂತ ಒಂದು ವಾರ ನೆಟ್‌ಫ್ಲೋ ಇಲ್ಲಾ ಎಸ್‌ಫ್ಲೋ ಹಾಕಿ ನೋಡಿ. ವೀಡಿಯೋ, ಸೋಷಿಯಲ್ ಮೀಡಿಯಾ, ಫೋನ್ ಅಪ್‌ಡೇಟು, ಕೆಲವೇ ಸಾವಿರ ಪ್ರಿಫಿಕ್ಸಲ್ಲಿ ಟ್ರಾಫಿಕ್ಕಿನ ದೊಡ್ಡ ಭಾಗ ಮುಗಿದುಹೋಗತ್ತೆ. ಸ್ಪಾಟಿಫೈನವರು ಇದೇ ಯೋಚನೆ ಇಟ್ಕೊಂಡು, ಫುಲ್ ಟೇಬಲ್ ಹಿಡಿಯಲಾಗದ ಸ್ವಿಚ್‌ಗಳಲ್ಲಿ ಹೆಚ್ಚು ಟ್ರಾಫಿಕ್ ಇರೋ ಪ್ರಿಫಿಕ್ಸ್ ಮಾತ್ರ ಇಳಿಸಿ, ಉಳಿದಿದ್ದನ್ನ ಡಿಫಾಲ್ಟಿಗೆ ಬಿಟ್ಟು ಇಂಟರ್ನೆಟ್ ರೂಟರ್ ಮಾಡ್ಕೊಂಡಿದ್ರು. ನೀವು ಅಷ್ಟೆಲ್ಲ ಕೋಡ್ ಬರೀಬೇಕಾಗಿಲ್ಲ. ನಿಕ್ಸಿಯಿಂದ ಬರೋದೆಲ್ಲ ಇಟ್ಕೊಳ್ಳಿ. ಅಪ್‌ಸ್ಟ್ರೀಮಿನವರಿಗೆ ಮೇಲ್ ಹಾಕಿ ಫುಲ್ ಟೇಬಲ್ ಬದಲು ಅವರದ್ದು, ಅವರ ಕಸ್ಟಮರ್‌ಗಳದ್ದು ಮತ್ತೆ ಡಿಫಾಲ್ಟ್ ಕಳ್ಸಿ ಅಂತ ಕೇಳಿ. ಅದು ಬೇಡ, ಬಿಜಿಪಿಯಲ್ಲಿ ಫುಲ್ ಕಾಣ್ಬೇಕು ಅಂದ್ರೆ ಸಿಸ್ಕೋದಲ್ಲಿ ಟೇಬಲ್-ಮ್ಯಾಪ್ ಫಿಲ್ಟರ್ ಇದೆ, ಬರ್ಡ್ ಅನ್ನೋ ರೂಟಿಂಗ್ ಸಾಫ್ಟ್‌ವೇರ್ ಬಳಸ್ತಿದ್ರೆ ಕರ್ನಲ್ ಪ್ರೋಟೋಕಾಲಿನ ಎಕ್ಸ್‌ಪೋರ್ಟ್ ಫಿಲ್ಟರ್ ಇದೆ, ಬಿಜಿಪಿಗೆ ಎಲ್ಲಾ ಗೊತ್ತಿರತ್ತೆ, ಕೆಳಗೆ ಇಳಿಯೋದು ನೀವು ಆರಿಸಿದ್ದು ಮಾತ್ರ.

ಇಲ್ಲೇ ನಾನು ಪೆಟ್ಟು ತಿಂದಿದ್ದು. ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ನಿಮ್ ಥರಾನೇ ಎರಡು ಎಡ್ಜ್ ರೂಟರ್ ಇತ್ತು, ಒಂದನೇದು ದೊಡ್ಡದು, ಎರಡನೇದು ಚಿಕ್ಕದು. ಎರಡನೇದರಲ್ಲಿ ಮಾತ್ರ ಫಿಲ್ಟರ್ ಹಾಕಿ, ಇಲ್ದೇ ಇದ್ದಿದ್ದಕ್ಕೆಲ್ಲ ಡಿಫಾಲ್ಟನ್ನ ಒಂದನೇದರ ಕಡೆ ತಿರುಗಿಸಿದೆ, ಅದರಲ್ಲಿ ಫುಲ್ ಟೇಬಲ್ ಇದೆಯಲ್ಲ ಅಂತ. ಹತ್ತು ನಿಮಿಷದಲ್ಲಿ ಕಂಪ್ಲೇಂಟ್ ಶುರು. ಟ್ರೇಸ್‌ರೂಟ್ ಹಾಕಿದ್ರೆ ನಮ್ಮವೇ ಎರಡು ವಿಳಾಸ, ಒಂದು ಎರಡು ಒಂದು ಎರಡು ಅಂತ ಮೂವತ್ತು ಸಾಲು. ಆಗಿದ್ದೇನಂದ್ರೆ, ಕೆಲವು ಪ್ರಿಫಿಕ್ಸಿಗೆ ಬೆಸ್ಟ್ ದಾರಿ ಎರಡನೇ ರೂಟರಿನ ಅಪ್‌ಸ್ಟ್ರೀಮಲ್ಲಿತ್ತು, ಅದರ ಬಿಜಿಪಿ ಅದನ್ನ ಒಂದನೇದಕ್ಕೆ ಹೇಳ್ತಾನೂ ಇತ್ತು. ಒಂದನೇದು ನಂಬಿ ಪ್ಯಾಕೆಟ್ಟನ್ನ ಎರಡನೇದಕ್ಕೆ ಕೊಡ್ತು, ಎರಡನೇದರ ಫಿಬ್‌ನಲ್ಲಿ ಆ ಪ್ರಿಫಿಕ್ಸನ್ನ ನಾನೇ ತೆಗೆದಿದ್ದೆ, ಅದು ಡಿಫಾಲ್ಟ್ ನೋಡಿ ವಾಪಸ್ ಕೊಡ್ತು. ಬಿಜಿಪಿ ಬಾಯಲ್ಲಿ ಹೇಳೋದು ಒಂದು, ಫಿಬ್ ಮಾಡೋದು ಇನ್ನೊಂದು. ತಿದ್ದಿದ್ದು ಸುಲಭವಾಗೇ ಆಯ್ತು, ಎರಡನೇದರ ಡಿಫಾಲ್ಟನ್ನ ಅದರ ಸ್ವಂತ ಅಪ್‌ಸ್ಟ್ರೀಮಿಗೇ ತಿರುಗಿಸಿದ ಮೇಲೆ ಸರಿಹೋಯ್ತು, ಆದ್ರೆ ಆ ಮೂವತ್ತು ಸಾಲು ನನಗೆ ಮರೆತಿಲ್ಲ. ಫಿಬ್‌ನಿಂದ ಏನನ್ನ ತೆಗೆದ್ರೂ ಅದರ ಬದಲಿಗೆ ನಿಲ್ಲೋ ರೂಟ್ ಅದೇ ಬಾಗ್ಲಿಂದಲೇ ಹೊರಗೆ ಹೋಗ್ಬೇಕು. ಹೋಗಲ್ಲ ಅಂದ್ರೆ ಆ ಪ್ರಿಫಿಕ್ಸನ್ನ ಪಕ್ಕದ ರೂಟರಿಗೆ ಹೇಳ್ಲೂಬಾರದು.

ಬಿಲ್ಲಿಗೆ ಸಂಬಂಧಪಟ್ಟ ಒಂದು ವಿಷಯಾನೂ ಇದೆ. ಲೋಕಲ್ ಪ್ರಿಫರೆನ್ಸ್ (ಯಾವ ದಾರಿ ಮೊದ್ಲು ಅಂತ ಬಿಜಿಪಿಗೆ ನಾವೇ ಕೊಡೋ ಅಂಕ) ಜಾಸ್ತಿ ಕೊಟ್ಟಿದೀನಿ, ನಿಕ್ಸಿ ದಾರೀನೇ ಗೆಲ್ಲತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಅದು ಒಂದೇ ಪ್ರಿಫಿಕ್ಸ್ ಎರಡು ಕಡೆಯಿಂದ ಬಂದಾಗ ಮಾತ್ರ. ಒಬ್ರು ನಿಕ್ಸಿಯಲ್ಲಿ /22 ಹೇಳ್ತಾರೆ, ಟ್ರಾನ್ಸಿಟ್ (ದುಡ್ಡು ಕೊಟ್ಟು ತಗೊಳ್ಳೋ ಅಪ್‌ಸ್ಟ್ರೀಮ್) ಕಡೆಯಿಂದ ಅವರದೇ ನಾಲ್ಕು /24 ಬರತ್ತೆ ಅಂದ್ರೆ, ಉದ್ದ ಹೊಂದಿದ್ದೇ ಗೆಲ್ಲೋದ್ರಿಂದ ಪೂರ್ತಿ ಟ್ರಾಫಿಕ್ ದುಡ್ಡು ಕೊಡೋ ದಾರೀಲಿ ಹೋಗತ್ತೆ, ನಿಮ್ಮ ಪ್ರಿಫರೆನ್ಸ್ ಸಾವಿರ ಇದ್ರೂ ಅಷ್ಟೇ. ಟ್ರಾನ್ಸಿಟ್ಟಿಂದ ಬರೋ ಅಂಥ ಸಣ್ಣ ತುಂಡುಗಳನ್ನ ಫಿಲ್ಟರ್ ಮಾಡಿದ್ರೆ ಜಾಗಾನೂ ಉಳಿಯತ್ತೆ, ದುಡ್ಡೂ ಉಳಿಯತ್ತೆ. ಆದ್ರೆ ಎರಡರ ಮೂಲ ಎಎಸ್ (ಅದನ್ನ ಹೇಳ್ತಿರೋ ನೆಟ್‌ವರ್ಕಿನ ನಂಬರ್) ಒಂದೇ ಇದ್ಯಾ ಅಂತ ನೋಡಿ ಮಾಡಿ. ಆ /24 ಬೇರೆಯವರಿಗೆ ಕೊಟ್ಟಿರೋದಾಗಿದ್ರೆ /22ರ ಮಾಲೀಕರು ಅದನ್ನ ತಲುಪಿಸ್ತಾರೆ ಅನ್ನೋ ಗ್ಯಾರಂಟಿ ಇಲ್ಲ.

ಡಿಫಾಲ್ಟ್ ಹಾಕಿದ್ಮೇಲೆ ಎರಡು ಹೊಣೆ ನಿಮ್ ಮೇಲೆ ಬರತ್ತೆ. ಆರ್‌ಪಿಕೆಐ (ಯಾವ ಪ್ರಿಫಿಕ್ಸನ್ನ ಯಾರು ಹೇಳ್ಬಹುದು ಅನ್ನೋ ಸಹಿ ಇರೋ ದಾಖಲೆಗಳು) ನೋಡಿ ಇನ್ವ್ಯಾಲಿಡ್ ರೂಟ್ ಬಿಸಾಕ್ತಿದ್ರೆ ಸಂತೋಷ, ಆದ್ರೆ ನೀವು ಬಿಸಾಕಿದ ಮೇಲೂ ಪ್ಯಾಕೆಟ್ ಡಿಫಾಲ್ಟ್ ಹಿಡ್ಕೊಂಡು ಅಪ್‌ಸ್ಟ್ರೀಮಿಗೆ ಹೋಗತ್ತೆ, ಅವರು ಇನ್ವ್ಯಾಲಿಡ್ ಒಪ್ಕೊಂಡಿದ್ರೆ ಕಳ್ಳನ ಹತ್ರಾನೇ ಹೋಗತ್ತೆ. ಹಾಗಾಗಿ ಇನ್ವ್ಯಾಲಿಡ್ ತಡೀತೀರಾ ಅಂತ ಅಪ್‌ಸ್ಟ್ರೀಮನ್ನ ಬಾಯಿಬಿಟ್ಟು ಕೇಳಿ. ಇನ್ನೊಂದು, ಅವರ ಮುಂದಿನ ಲಿಂಕ್ ಕಟ್ಟಾದ್ರೂ ಅವರ ರೂಟರ್ ನಿಮಗೆ ಡಿಫಾಲ್ಟ್ ಹೇಳ್ತಾನೇ ಇರಬಹುದು. ಫುಲ್ ಟೇಬಲ್ ಇದ್ದಾಗ ರೂಟ್ ಉದುರಿದ್ದು ಕಾಣ್ತಿತ್ತು, ಈಗ ಕಾಣಲ್ಲ. ಅದಕ್ಕೆ ಅವರು ಹೇಳೋ ಡಿಫಾಲ್ಟನ್ನೇ ನಂಬ್ಕೋಬೇಡಿ, ದೂರದ ಒಂದು ಸ್ಥಿರವಾದ ಪ್ರಿಫಿಕ್ಸ್ ಅವರಿಂದ ಬರ್ತಿರೋವರೆಗೆ ಮಾತ್ರ ಬದುಕಿರೋ ಹಾಗೆ ನಿಮ್ಮದೇ ಸ್ಟ್ಯಾಟಿಕ್ ಡಿಫಾಲ್ಟ್ ಮಾಡ್ಕೊಳ್ಳಿ. ಯಾವುದೋ ರೂಟ್ ನೇಮ್ ಸರ್ವರ್ ಇರೋ ಪ್ರಿಫಿಕ್ಸನ್ನ ಲಂಗರಿನ ಥರ ಇಟ್ಕೊಳ್ಳೋದು ಒಳ್ಳೇದು, ಅದು ಹೋದ ಕ್ಷಣ ಡಿಫಾಲ್ಟೂ ಹೋಗತ್ತೆ, ಇನ್ನೊಂದು ಅಪ್‌ಸ್ಟ್ರೀಮ್ ಕೈಗೆ ತಗೊಳ್ಳತ್ತೆ.

ನಿಮ್ ಕಡೆ ಅನೌನ್ಸ್‌ಮೆಂಟೂ ಒಂದ್ಸಲ ನೋಡ್ಕೊಳ್ಳಿ ಅಂತ ಕೇಳ್ಕೊತೀನಿ. ಏಷ್ಯಾ ಪೆಸಿಫಿಕ್ ಭಾಗದಲ್ಲಿ 2011ರ ಏಪ್ರಿಲಲ್ಲಿ ವಿಳಾಸ ಕೊನೇ ಹಂತಕ್ಕೆ ಬಂದ್ಮೇಲೆ ಹೊಸಬರಿಗೆ ಹೆಚ್ಚಂದ್ರೆ ಒಂದು /22 ಅಂತ ಕೊಡ್ತಿದ್ರು, 2019ರಿಂದ /23. ನಿಮ್ಮ ಹತ್ರ ಇರೋದೂ ಅಷ್ಟೇ ಇರ್ಬಹುದು. ಅದನ್ನ ನಾಲ್ಕು /24 ಮಾಡಿ ಎರಡೂ ಕಡೆ ಹೇಳ್ತಿದ್ರೆ ಪ್ರಪಂಚದ ಪ್ರತಿ ಫುಲ್ ಟೇಬಲ್ ರೂಟರಲ್ಲಿ ನಾಲ್ಕು ಸ್ಲಾಟ್ ತಿಂತಿದೀರ. ಹೈಜ್ಯಾಕ್ ಭಯಕ್ಕೆ ಹಾಗೆ ಮಾಡೋರಿದಾರೆ, ಭಯ ಸುಳ್ಳಲ್ಲ. 2008ರ ಫೆಬ್ರವರಿ 24ಕ್ಕೆ ಯೂಟ್ಯೂಬ್ 208.65.152.0/22 ಅಂತ ಹೇಳ್ತಿದ್ದಾಗ ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 208.65.153.0/24 ಹೇಳಿ ಜಗತ್ತಿನ ಟ್ರಾಫಿಕ್ಕನ್ನ ತನ್ನ ಕಡೆ ಎಳ್ಕೊಂಡಿತ್ತು. ಆದ್ರೆ ಆ ಭಯಕ್ಕೆ ಈಗ ಸರಿಯಾದ ಔಷಧಿ ಆರ್‌ಪಿಕೆಐ, ನಿಮ್ ಪ್ರಿಫಿಕ್ಸಿಗೆ ಆರ್‌ಒಎ ಅನ್ನೋ ಆ ದಾಖಲೆ ಮಾಡಿಡಿ. ಟ್ರಾಫಿಕ್ ಹಂಚಕ್ಕೆ /24 ಬೇಕೇ ಬೇಕು ಅಂದ್ರೆ /22ನ್ನ ಎರಡೂ ಕಡೆ ಹೇಳಿ, /24ನ್ನ ನೋ-ಎಕ್ಸ್‌ಪೋರ್ಟ್ (ಮುಂದಕ್ಕೆ ಹೇಳ್ಬೇಡಿ ಅನ್ನೋ ಗುರುತು) ಹಾಕಿ ಆ ಅಪ್‌ಸ್ಟ್ರೀಮಿಗಷ್ಟೇ ಹೇಳೋಕಾಗತ್ತಾ ಅಂತ ನೋಡಿ. ಐಪಿವಿ6ನಲ್ಲಿ ಸಿಕ್ಕಿರೋ /32ನ್ನ ದಯವಿಟ್ಟು ಒಡೀಬೇಡಿ.

ನಾಳೆ ಬೆಳಿಗ್ಗೆ ಏನ್ ಮಾಡೋದು ಅಂದ್ರೆ: ಹಾರ್ಡ್‌ವೇರ್ ಕೆಪಾಸಿಟಿ ಎರಡೂ ರೂಟರಲ್ಲಿ ಬರ್ಕೊಳ್ಳಿ, ಐಪಿವಿ4 ಎಷ್ಟು ಐಪಿವಿ6 ಎಷ್ಟು ಅಂತ ಬೇರೆ ಬೇರೆ. ಇಂದು ರಾತ್ರೀನೇ ಸೈಟ್ ತೆರೀಬೇಕು ಅಂದ್ರೆ ಎರಡೂ ರೂಟರಲ್ಲಿ ಅದದರ ಅಪ್‌ಸ್ಟ್ರೀಮಿಗೆ ಡಿಫಾಲ್ಟ್ ಹಾಕಿ, ಟ್ರಾನ್ಸಿಟ್ಟಿಂದ ಬರೋ ಐಪಿವಿ6ನ್ನ ಡಿಫಾಲ್ಟಿಗೆ ಇಳಿಸಿ, ಅದೊಂದರಿಂದಲೇ ನಾಲ್ಕು ಲಕ್ಷ ಸ್ಲಾಟ್ ಖಾಲಿ ಆಗತ್ತೆ. ಜಾಗ ಹಂಚಿಕೆ ಬದಲಾಯಿಸಬೇಕಾದ್ರೆ ರೀಲೋಡ್ ಬೇಕು, ಒಂದೊಂದೇ ರೂಟರ್, ರಾತ್ರಿ ಎರಡರ ಮೇಲೆ, ಒಂದು ಪೂರ್ತಿ ಎದ್ದು ಬಿಜಿಪಿ ಕೂತ್ಮೇಲೆ ಇನ್ನೊಂದು. ಆಮೇಲೆ ಒಂದು ವಾರ ಫ್ಲೋ ನೋಡಿ ಐಪಿವಿ4 ಫಿಲ್ಟರ್ ನಿಧಾನವಾಗಿ ಮಾಡಿ, ಪ್ರತೀ ಹೆಜ್ಜೆ ಆದ್ಮೇಲೂ ಕಸ್ಟಮರ್ ಕಡೆ ಇರೋ ಒಂದು ಮೆಷಿನ್ನಿಂದ ಟ್ರೇಸ್‌ರೂಟ್ ಹಾಕಿ, ರೂಟರ್ ಒಳಗಿಂದಲ್ಲ. ನಿಮ್ಮದೇ ಎರಡು ವಿಳಾಸ ಒಂದಾದ್ಮೇಲೊಂದು ಬರ್ತಿದ್ರೆ ತಕ್ಷಣ ಹಿಂದಿನ ಕಾನ್ಫಿಗ್‌ಗೆ ಹೋಗಿ.